ನೀರಿನಡಿಯ ಏಳು ಬಲೆ

ತುಂಬ ಎಂಬ ಊರಿನಿಂದ ಉತ್ತರಕ್ಕೆ ಹೋಗುವ ಬಸ್ಸಿನಲ್ಲಿ ನಾನು ಇಳಿಯಬೇಕಿದ್ದ ನಿಲ್ದಾಣಕ್ಕೆ ಹೆಸರಿನ ಫಲಕ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಸೇತುವೆ ದಾಟುತ್ತಿದ್ದಂತೆ ಕೊಳೆತ ಮೊಟ್ಟೆಯಂಥ ವಾಸನೆಯೊಂದು ಕಿಟಕಿಯಿಂದ ಒಳನುಗ್ಗುತ್ತಿತ್ತು. ಹೊಸಬರು ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು. ಊರಿನವರು ಚೀಲ ಎತ್ತಿಕೊಂಡು ಬಾಗಿಲ ಕಡೆ ಸರಿಯುತ್ತಿದ್ದರು. ಹಿನ್ನೀರಿನ ಕೆಸರಿನಲ್ಲಿ ತಿಂಗಳುಗಟ್ಟಲೆ ಕೊಳೆಯುವ ತೆಂಗಿನ ಸಿಪ್ಪೆಯ ವಾಸನೆ ಅದು. ಎಂ.ಎ. ಓದುತ್ತಿದ್ದ ಆ ದಿನಗಳಲ್ಲಿ ನನ್ನ ಎರಡು ಚೂಡಿದಾರಗಳು ಆ ವಾಸನೆಗೇ ಮೀಸಲಾಗಿದ್ದವು. ಸಂಜೆ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ತಡೆದು, "ಮದ್ಲ ಬಚ್ಚಲಕ್ಕ ಹೋಗು, ಆಮ್ಯಾಲ ಒಳಗ ಬಾ" ಅನ್ನುತ್ತಿದ್ದಳು. ಎಷ್ಟೋ ವರ್ಷಗಳಾದವು. ಈಗ ಯಾವುದಾದರೂ ಚರಂಡಿಯ ಪಕ್ಕ ಅದೇ ವಾಸನೆಯ ಎಳೆಯೊಂದು ಬಂದರೆ ಉಳಿದವರು ಮುಖ ಸಿಂಡರಿಸುತ್ತಾರೆ, ನನಗೆ ಹಸಿವಾಗುತ್ತದೆ.

ನಾವು ಧಾರವಾಡದ ಕಡೆಯವರು. ಅಪ್ಪನಿಗೆ ತುಂಬದ ರಾಕೆಟ್ ಕೇಂದ್ರದಲ್ಲಿ ಉಗ್ರಾಣದ ಕೆಲಸ. ರಾಕೆಟ್ಟುಗಳ ನೆರಳಲ್ಲಿ ಇಪ್ಪತ್ತು ವರ್ಷ ಕಳೆದರೂ ಅಪ್ಪ ಮನೆಯಲ್ಲಿ ರಾಕೆಟ್ಟಿನ ಮಾತೆತ್ತಿದವನಲ್ಲ; ಅವನ ಲೋಕವೆಲ್ಲ ಬೋಲ್ಟು, ವಾಷರು, ತಂತಿಯ ಸುರುಳಿ. ಪ್ರತಿ ಮಾರ್ಚಿನಲ್ಲಿ ದಾಸ್ತಾನಿನ ತಪಾಸಣೆ ನಡೆಯುತ್ತಿತ್ತು. ಕಪಾಟು ಕಪಾಟಿನ ಮುಂದೆ ನಿಂತು, ಪುಸ್ತಕದಲ್ಲಿರುವುದು ಕಪಾಟಿನಲ್ಲಿ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡುವುದು. ನಾನು ಹುಟ್ಟಿದ್ದೇ ಆ ಗುಣದೊಂದಿಗೆ ಎಂದು ಕಾಣುತ್ತದೆ. ನಮ್ಮ ಕನ್ನಡ ಸಂಘದ ಸಭೆಯಲ್ಲಿ ಎದ್ದು ನಿಂತು, ರಾಜ್ಯೋತ್ಸವದ ಬಾಳೆಹಣ್ಣಿಗೆ ಅಷ್ಟು ಖರ್ಚು ಹೇಗಾಯಿತೆಂದು ಕೇಳಿದ ಮೇಲೆ ಹಿರಿಯರೆಲ್ಲ ನನ್ನನ್ನು 'ಆಡಿಟ್ ಅಕ್ಕ' ಎಂದು ಕರೆಯತೊಡಗಿದ್ದರು. ಆ ಹೆಸರು ನನಗೆ ಅವಮಾನ ಅನ್ನಿಸಿರಲಿಲ್ಲ. ಸಾರ್ವಜನಿಕ ಹಣಕ್ಕೆ ಉತ್ತರ ಕೇಳುವುದು ನಾಗರಿಕರ ಮೊದಲ ಕರ್ತವ್ಯ ಎಂದು ನಂಬಿದ್ದೆ. ಈಗಲೂ ನಂಬಿದ್ದೇನೆ. ಆದರೆ ಯಾರನ್ನು ಕೇಳಬೇಕು ಎಂಬುದು ಆಗ ಗೊತ್ತಿರಲಿಲ್ಲ.

ಆ ವರ್ಷ ಕೊಚ್ಚಿಯ ಒಂದು ಸಣ್ಣ ದತ್ತಿಸಂಸ್ಥೆ ನಮ್ಮ ವಿಭಾಗಕ್ಕೆ ಪತ್ರ ಬರೆಯಿತು. ಕೊಲ್ಲಿ ದೇಶದಲ್ಲಿ ದುಡಿದು ಹಣ ಮಾಡಿದ ಒಬ್ಬರು ಅದನ್ನು ಕಟ್ಟಿದ್ದರು. ಹಿನ್ನೀರಿನ ದಡದ ಒಂದು ಊರಿನಲ್ಲಿ ಹತ್ತು ಮಂದಿ ಸಣ್ಣ ಕಸುಬುದಾರರನ್ನು ಆರಿಸಿ ಅವರಿಗೆ ಹಣ ಕೊಡುವುದು ಯೋಜನೆ. ಸಾಲವಲ್ಲ, ಹೊಲಿಗೆ ಯಂತ್ರವಲ್ಲ, ಮೇಕೆಯಲ್ಲ, ಹಣವನ್ನೇ, ಕೈಗೆ. ಅರ್ಧ ಓಣಂಗೆ ಮೊದಲು, ಉಳಿದರ್ಧ ಆರು ತಿಂಗಳಿಗೆ. ತಿಂಗಳಿಗೊಮ್ಮೆ ಹೋಗಿ ನೋಡಿ ಬರಲು ವಿದ್ಯಾರ್ಥಿಯೊಬ್ಬರು ಬೇಕಿತ್ತು. ಮೇಷ್ಟ್ರು ಯೋಚಿಸಲೂ ಇಲ್ಲ, ನನ್ನ ಕಡೆ ಬೆರಳು ಮಾಡಿದರು.

ಮೊದಲ ಸಭೆ ನಡೆದದ್ದು ಊರಿನ ವಾಚನಾಲಯದ ಅಂಗಳದಲ್ಲಿ. ಕೊಚ್ಚಿಯಿಂದ ಬಂದಿದ್ದ ಕಾರ್ಯದರ್ಶಿ ಮೈಕಿನ ಮುಂದೆ ನಿಂತು ಬಹಳ ಸುಂದರವಾದ ಮಾತೊಂದನ್ನು ಹೇಳಿದರು.

"ಇದಕ್ಕೆ ಯಾವ ಷರತ್ತೂ ಇಲ್ಲ. ನಿಮ್ಮ ಕಸುಬಿಗೆ ಏನು ಬೇಕು ಅನ್ನೋದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು."

ಚಹಾದಂಗಡಿಯವನು ಹಿಂದಿನಿಂದ ಕೂಗಿದ: "ಸಾರೇ, ವೋಟು ಯಾರಿಗೆ ಹಾಕಬೇಕು ಅನ್ನೋದಾದರೂ ಹೇಳಿಬಿಡಿ!" ಎಲ್ಲರೂ ನಕ್ಕರು. ಕಾರ್ಯದರ್ಶಿಯೂ ನಕ್ಕರು. ಹಣ ಹಂಚಿ ಮುಗಿದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು ನಮೂನೆಗಳ ಒಂದು ಕಟ್ಟು ಕೊಟ್ಟರು. ಅದರಲ್ಲಿ ಎರಡು ಕಾಲಂ ಮುಖ್ಯ. ಹಣದಿಂದ ಕೊಂಡ ವಸ್ತು ಯಾವುದು? ಅದನ್ನು ಕಣ್ಣಾರೆ ಕಂಡಿರಾ: ಹೌದು ಅಥವಾ ಇಲ್ಲ. ಷರತ್ತಿಲ್ಲದ ಹಣಕ್ಕೆ ಈ ಪ್ರಶ್ನೆ ಏಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನಮೂನೆ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿಕೊಂಡೆ.

ಅಪ್ಪನಿಗೆ ತೋರಿಸಿದಾಗ ಅವನಿಗೂ ಹಿಡಿಸಿತು. "ಕಣ್ಣಿಗೆ ಕಂಡದ್ದಷ್ಟ ಬರಿ, ನೋಡವಾ. ಕೇಳಿದ್ದು, ಅಂದ್ಕೊಂಡಿದ್ದು ಬರದ್ರ ಅದು ವರದಿ ಆಗೂದಿಲ್ಲ, ಪುರಾಣ ಆಗ್ತದ."

ಮೊದಲ ಸುತ್ತಿನಲ್ಲಿ ಎಲ್ಲವೂ ಕಣ್ಣಿಗೆ ಕಂಡಿತು. ಚಹಾದಂಗಡಿಯವನು ಗಾಜಿನ ಪೆಟ್ಟಿಗೆಯೊಂದನ್ನು ಕೊಂಡು ಅದರೊಳಗೆ ಬಾಳೆಹಣ್ಣಿನ ಬಜ್ಜಿಯಾದ ಪಳಂಪೊರಿಗಳನ್ನು ಸಾಲಾಗಿ ಮಲಗಿಸಿದ್ದ. ದರ್ಜಿ ಎರಡನೆಯ ಯಂತ್ರ ತಂದಿದ್ದ. ತರಕಾರಿಯವಳು ತಕ್ಕಡಿ, ತಳ್ಳುಗಾಡಿ. ಹೌದು, ಹೌದು, ಹೌದು ಎಂದು ಬರೆಯುತ್ತಾ ನಾನು ಊರಿನ ಕೊನೆಗೆ ಬಂದೆ. ಅಲ್ಲಿ ನೀರಿಗೆ ಅಂಟಿಕೊಂಡಂತೆ ತೆಂಗಿನ ಗರಿ ಹೊದಿಸಿದ ಒಂದು ಉದ್ದನೆಯ ಚಪ್ಪರ ಇತ್ತು. ಚಪ್ಪರದ ಒಂದು ತುದಿಯಲ್ಲಿ ಒಬ್ಬ ಹೆಂಗಸು ಕೂತು ರಾಟೆ ತಿರುಗಿಸುತ್ತಿದ್ದಳು. ಇನ್ನಿಬ್ಬರು ಸೊಂಟಕ್ಕೆ ನಾರಿನ ಕಟ್ಟು ಸಿಕ್ಕಿಸಿಕೊಂಡು, ಬೆರಳುಗಳ ನಡುವಿನಿಂದ ಹುರಿ ಬಿಡುತ್ತಾ, ರಾಟೆಗೆ ಮುಖಮಾಡಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು. ದಿನವಿಡೀ ಹಿಂದಕ್ಕೇ ನಡೆಯುವ ಕಸುಬು ಅದು. ತುದಿ ಮುಟ್ಟಿದ ಮೇಲೆ ಹುರಿಯನ್ನು ಬಿಚ್ಚಿಟ್ಟು ಮತ್ತೆ ರಾಟೆಯ ಹತ್ತಿರ ಬಂದು, ಮತ್ತೆ ಹಿಂದಕ್ಕೆ. ಹಾಗೆ ನಡೆಯುತ್ತಿದ್ದವರಲ್ಲಿ ಹಿರಿಯರೇ ಚಪ್ಪರದ ಒಡತಿ. ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಕೊಲ್ಲಂ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಊರೆಲ್ಲ ಅವರನ್ನು ಚೇಚಿ ಅನ್ನುತ್ತಿತ್ತು. ನಾನೂ ಅಕ್ಕ ಎಂಬರ್ಥದ ಆ ಮಾತನ್ನೇ ಹಿಡಿದೆ. ಅವರು ಮೊದಲ ದಿನವೇ ನನ್ನನ್ನು 'ಮೋಳೇ', ಮಗಳೇ, ಅಂದರು.

"ಚೇಚಿ, ದುಡ್ಡಿನಿಂದ ಏನು ಕೊಂಡಿರಿ?"

"ತೊಂಡು." ತೆಂಗಿನ ಸಿಪ್ಪೆಗೆ ಅಲ್ಲಿನ ಹೆಸರು ಅದು.

"ಎಲ್ಲಿದೆ?"

ಅವರ ಎರಡು ಕೈಯಲ್ಲೂ ಹುರಿ ಇತ್ತು. ಗಲ್ಲದಿಂದ ನೀರಿನ ಕಡೆ ತೋರಿಸಿದರು. ಕಪ್ಪು ನೀರು. ಅದರೊಳಗಿಂದ ಎದ್ದ ಏಳು ಬಿದಿರಿನ ಗೂಟಗಳು. ಒಂದರ ಮೇಲೆ ಒಂದು ಕೊಕ್ಕರೆ.

"ಏನೂ ಕಾಣೋದಿಲ್ಲವಲ್ಲ?"

"ಕಂಡರೆ ಕೆಟ್ಟಿತು ಅಂತ, ಮೋಳೇ."

"ಒಂದನ್ನಾದರೂ ಎತ್ತಿ ತೋರಿಸಿ. ನಾನು ಬರೆದುಕೊಳ್ಳಬೇಕು."

ಚೇಚಿ ರಾಟೆಯವಳತ್ತ ತಿರುಗಿದರು. "ಕೇಳಿದೆಯಾ? ಅನ್ನ ಬೇಯ್ತಾ ಇದೆ ಅಂದರೆ, ಪಾತ್ರೆ ಬೋರಲು ಹಾಕಿ ತೋರಿಸು ಅಂತಾಳೆ ಈ ಕೊಚ್ಚು ಹುಡುಗಿ!" ರಾಟೆಯವಳು ನಗುವಿನ ಭರದಲ್ಲಿ ಕೈ ಬಿಟ್ಟಳು, ಹುರಿ ಪಟ್ಟೆಂದು ತುಂಡಾಯಿತು, ಮೂವರೂ ನನ್ನನ್ನೇ ಬೈದರು. ನಾನು ದಡದ ಕಲ್ಲಿನ ಮೇಲೆ ಕೂತು ನಮೂನೆಯಲ್ಲಿ ಬರೆದೆ. ಕೊಂಡ ವಸ್ತು: ತೆಂಗಿನ ಸಿಪ್ಪೆ. ಕಣ್ಣಾರೆ ಕಂಡಿರಾ: ಇಲ್ಲ. ಅದು ಸತ್ಯವೇ ಆಗಿತ್ತು.

ನಂತರದ ತಿಂಗಳುಗಳಲ್ಲಿ ಆ ಊರಿಗೆ ಹೋದಾಗಲೆಲ್ಲ ಮಧ್ಯಾಹ್ನದ ಹೊತ್ತಿಗೆ ಚೇಚಿಯ ಚಪ್ಪರ ಸೇರುವಂತೆ ನನ್ನ ಸುತ್ತನ್ನು ಹೊಂದಿಸಿಕೊಳ್ಳುತ್ತಿದ್ದೆ. ಬೇಯಿಸಿದ ಮರಗೆಣಸು, ಅವರ 'ಕಪ್ಪ', ಬಾಳೆಲೆಯ ಮೇಲೆ ಹೊಗೆಯಾಡುತ್ತಾ ಬರುತ್ತಿತ್ತು. ಅವರಿಗೆ ಮೀನಿನ ಸಾರು. ನನಗೆ ಸಣ್ಣ ಈರುಳ್ಳಿ, ಹಸಿಮೆಣಸು ಜಜ್ಜಿ ಕೊಬ್ಬರಿ ಎಣ್ಣೆ ಬಿಟ್ಟ ಚಟ್ನಿ. "ಮೀನಿಲ್ಲ, ಮಾಂಸವಿಲ್ಲ, ಇಷ್ಟು ಜೋರಾಗಿ ಪ್ರಶ್ನೆ ಕೇಳೋ ಶಕ್ತಿ ಇವಳಿಗೆ ಎಲ್ಲಿಂದ ಬರ್ತದೋ!" ಎಂದು ರಾಟೆಯವಳು ಪ್ರತಿ ಸಲವೂ ಹೇಳುತ್ತಿದ್ದಳು. ಮನೆಯಲ್ಲಿ ಅವ್ವನ ಜೋಳದ ರೊಟ್ಟಿಗೆ ಹಿಟ್ಟು ಧಾರವಾಡದಿಂದ ಟ್ರಂಕಿನಲ್ಲಿ ಬರಬೇಕಿತ್ತು. ಇಲ್ಲಿ ಮಣ್ಣಿನಿಂದ ಅಗೆದು, ಅದೇ ಗಂಟೆಯಲ್ಲಿ ಬೇಯಿಸಿ ತಿನ್ನುವ ಊಟ. ನೀರಿನ ಮೇಲಿನ ಬಿಸಿಲು ಚಪ್ಪರದ ಗರಿಗಳ ಒಳಮೈಯಲ್ಲಿ ಕುಣಿಯುತ್ತಿರುತ್ತಿತ್ತು. ಅಷ್ಟು ನಿಶ್ಚಿಂತೆಯಾಗಿ ನಾನು ಆಮೇಲೆ ಎಲ್ಲಿಯೂ ಉಂಡಿಲ್ಲ.

ಆ ಊಟಗಳ ನಡುವೆಯೇ ಅವರ ಕಸುಬು ನನಗೆ ಅರ್ಥವಾದದ್ದು. ಹಸಿ ಸಿಪ್ಪೆಯನ್ನು ಹಗ್ಗದ ಬಲೆಗೆ ತುಂಬಿ, ಮೇಲೆ ಕೆಸರೂ ಕಲ್ಲೂ ಹೇರಿ, ಹಿನ್ನೀರಿನಲ್ಲಿ ಮುಳುಗಿಸುತ್ತಾರೆ. ಹತ್ತು ತಿಂಗಳು ಅಲ್ಲಾಡಿಸಬಾರದು. ನೀರು ಏರಿ ಇಳಿದು ಸಿಪ್ಪೆಯ ತಿರುಳನ್ನೆಲ್ಲ ಕರಗಿಸಿದ ಮೇಲೆ ಎತ್ತಿದರೆ ಚಿನ್ನದ ಬಣ್ಣದ, ರೇಷ್ಮೆಯಂಥ ನಾರು. ಐದಾರು ತಿಂಗಳಿಗೇ ಎತ್ತಿದರೆ ಕೆಂಚು, ಒರಟು. ಒಮ್ಮೆ ಗಾಳಿ ಕುಡಿದ ಸಿಪ್ಪೆಯನ್ನು ಮತ್ತೆ ಮುಳುಗಿಸಿ ಪ್ರಯೋಜನವಿಲ್ಲ. ಆದ್ದರಿಂದ ಈ ಕಸುಬಿನ ಬಂಡವಾಳ ರಾಟೆಯಲ್ಲ, ಕಾಯುವ ಶಕ್ತಿ. ಅದು ಊರಿನಲ್ಲಿ ಒಬ್ಬನಿಗೆ ಮಾತ್ರ ಇತ್ತು. ಧಣಿ ಎಂಬರ್ಥದಲ್ಲಿ ಅವನನ್ನು ಎಲ್ಲರೂ ಮುದಲಾಳಿ ಅನ್ನುತ್ತಿದ್ದರು. ಹಿನ್ನೀರಿನ ಮುಕ್ಕಾಲು ಗೂಟಗಳು ಅವನವು. ಚೇಚಿ ಹದಿನೈದು ವರ್ಷ ಅವನ ಹತ್ತಿರವೇ ಕೊಳೆತ ಸಿಪ್ಪೆ ಕೊಂಡು, ಬಡಿದು, ನಾರು ತೆಗೆದು, ಹುರಿ ಮಾಡಿ, ಅವನಿಗೇ ಮಾರಿದ್ದರು. ಕೊಳ್ಳುವ ಬೆಲೆಯೂ ಅವನದು, ಮಾರುವ ಬೆಲೆಯೂ ಅವನದು. ಯಾವ ಬ್ಯಾಂಕಿನ ಮ್ಯಾನೇಜರೂ ಕೆಸರಿನಲ್ಲಿ ಹೂತ ವಸ್ತುವಿನ ಮೇಲೆ ಸಾಲ ಕೊಡುವವನಲ್ಲ. ಷರತ್ತಿಲ್ಲದ ಹಣ ಬಂದಾಗ ಚೇಚಿ ಜೀವನದಲ್ಲಿ ಮೊದಲ ಸಲ ಸ್ವಂತ ಸಿಪ್ಪೆ ಮುಳುಗಿಸಿದರು. ಏಳು ಬಲೆ.

ಮುದಲಾಳಿ ಮರುವಾರವೇ ಅವರಿಗೆ ಸಿಪ್ಪೆ ಮಾರುವುದನ್ನು ನಿಲ್ಲಿಸಿದ. ಅದನ್ನೂ ಚೇಚಿ ಮೊದಲೇ ಊಹಿಸಿದ್ದರು. ದೂರದ ಸಂತೆಯಿಂದ ದುಬಾರಿ ನಾರು ತಂದು ಹೇಗೋ ರಾಟೆ ತಿರುಗಿಸುತ್ತಿದ್ದರು. ಆರು ತಿಂಗಳಿಗೆ ಬರುವ ಉಳಿದರ್ಧ ಹಣದಿಂದ ಅಕ್ಕಿಗೂ ನಾರಿಗೂ ಆಗಿ, ಹತ್ತನೆಯ ತಿಂಗಳನ್ನು ಮುಟ್ಟಿಬಿಡಬಹುದು. ಮೂರು ಹೆಂಗಸರ ದುಡಿಮೆ ಆ ಲೆಕ್ಕಾಚಾರದ ಮೇಲೆ ನಿಂತಿತ್ತು.

ಫೆಬ್ರುವರಿಯಲ್ಲಿ ನಾನು ಹೋದಾಗ ರಾಟೆ ನಿಂತಿತ್ತು. ಚೇಚಿ ಒಂದು ಪತ್ರ ಹಿಡಿದು ಕೂತಿದ್ದರು. ಓದು ಬಲ್ಲವರು, ದಿನಪತ್ರಿಕೆ ಓದುವ ದನಿಯಲ್ಲೇ ನನಗೆ ಓದಿ ಹೇಳಿದರು. ಒಂಬತ್ತು ಮಂದಿಗೆ ಎರಡನೆಯ ಕಂತು ಬಿಡುಗಡೆಯಾಗಿದೆ. ತಮ್ಮ ವಿಷಯದಲ್ಲಿ ಕೊಂಡ ಆಸ್ತಿ ಕಂಡುಬಾರದ ಕಾರಣ ತಡೆಹಿಡಿಯಲಾಗಿದೆ.

"ಕಂಡುಬಾರದ," ಎಂದು ಆ ಒಂದು ಪದವನ್ನು ಮತ್ತೊಮ್ಮೆ ಓದಿದರು. "ಯಾರಿಗೆ ಕಂಡುಬರಲಿಲ್ಲ, ಮೋಳೇ? ಇಲ್ಲಿಗೆ ಬಂದು ನೋಡಿದವಳು ನೀನೊಬ್ಬಳೇ."

"ನಾನು ಇಲ್ಲ ಅಂತ ಬರೆದೆ, ಚೇಚಿ. ನಾನು ನೋಡಲಿಲ್ಲವಲ್ಲ, ಅದಕ್ಕೆ."

"ಆರು ತಿಂಗಳು ನನ್ನ ಕಪ್ಪ ತಿಂದು?"

"ಪ್ರತಿ ತಿಂಗಳೂ ಹಾಗೇ ಬರೆದೆ."

ಅವರು ಬೈಯಬಹುದಿತ್ತು. ರಾಟೆಯವಳು ಬೈದಳು, ಚೇಚಿ ಬೈಯಲಿಲ್ಲ. ಪತ್ರವನ್ನು ಮಡಿಸಿ ಚಪ್ಪರದ ಗರಿಗೆ ಸಿಕ್ಕಿಸಿ, ನನ್ನ ಚಪ್ಪಲಿ ನೋಡಿ, "ಅದನ್ನು ಕಳಚು" ಅಂದರು.

ನೀರಿಗೆ ಇಳಿದಾಗ ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಎದೆ. ಚೂಡಿದಾರ ಗಾಳಿ ತುಂಬಿ ಛತ್ರಿಯಂತೆ ಅರಳಿತು. ವಾಸನೆ ಮೂಗಿನಲ್ಲಲ್ಲ, ಗಂಟಲಲ್ಲಿ ಇತ್ತು. ಚೇಚಿ ನನ್ನ ರಟ್ಟೆ ಹಿಡಿದು ಗೂಟದ ಬಳಿ ನಿಲ್ಲಿಸಿದರು. "ಕಾಲು ಇಳಿಸು. ಮೆಲ್ಲಗೆ. ಕಲ್ಲು ಜರುಗಿಸಬೇಡ." ಬೆಚ್ಚಗಿನ ಕೆಸರಿನೊಳಗೆ ನನ್ನ ಹೆಬ್ಬೆರಳಿಗೆ ಬಿಗಿದ ಹಗ್ಗದ ಕಣ್ಣು ಸಿಕ್ಕಿತು, ಅದರ ಕೆಳಗೆ ಒತ್ತಾಗಿ ತುಂಬಿದ, ಆಗಲೇ ಮೆತ್ತಗಾಗತೊಡಗಿದ ಸಿಪ್ಪೆಗಳ ಬೆನ್ನು. ಒಂದು ಗೂಟ, ಎರಡನೆಯದು, ಮೂರನೆಯದು. ಏಳೂ ಬಲೆಗಳನ್ನು ಮುಟ್ಟಿಸಿದ ಮೇಲೆಯೇ ಅವರು ನನ್ನ ರಟ್ಟೆ ಬಿಟ್ಟದ್ದು. ದಡ ಹತ್ತಿ, ನೀರು ಸುರಿಯುತ್ತಿದ್ದ ಕೈಯಿಂದಲೇ ಆ ತಿಂಗಳ ನಮೂನೆ ತುಂಬಿದೆ. ಕಣ್ಣಾರೆ ಕಂಡಿರಾ? ಹೌದು, ಇಲ್ಲ ಎರಡನ್ನೂ ಹೊಡೆದು ಹಾಕಿ ಬರೆದೆ: ಕಾಲಾರೆ ಕಂಡೆ.

ಆ ಸಂಜೆ ಅಪ್ಪನ ಮುಂದೆ ಜಗಳಕ್ಕೇ ನಿಂತೆ. ಕಂಡದ್ದಷ್ಟೇ ಬರೆ ಅಂದವನು ನೀನು. ಬರೆದದ್ದರಿಂದ ಏನಾಯಿತು ನೋಡು. ಅಪ್ಪ ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದ.

"ನಿನ್ನ ಫಾರ್ಮಿನ್ಯಾಗ 'ಹಾದ್ಯಾಗ' ಅನ್ನೋ ಕಾಲಂ ಇಲ್ಲೇನು?"

"ಹಂಗಂದ್ರ?"

"ನಾವು ಫ್ರಾನ್ಸಿಗೆ ಒಂದು ಸಾಮಾನಿಗೆ ಬರೀತೀವಿ ಅಂತಿಟ್ಕೋ. ರೊಕ್ಕ ಹೋಗಿರ್ತದ, ಸಾಮಾನು ಹಡಗಿನ್ಯಾಗ ಬರಾಕತ್ತಿರ್ತದ. ಕಪಾಟಿನ್ಯಾಗ ಇಲ್ಲ. ಹಂಗಂತ ಯಾವ ಹುಚ್ಚ 'ಇಲ್ಲ' ಅಂತ ಬರೀತಾನ? 'ಹಾದ್ಯಾಗ ಐತಿ' ಅಂತ ಬರೀತೀವಿ. ಆ ಹೆಣ್ಣುಮಗಳ ಸಾಮಾನು ಹಾದ್ಯಾಗ ಐತಿ. ಕಾಲಂ ಇಲ್ಲದ ಫಾರ್ಮ್ ಮಾಡಿದವರ ತಪ್ಪದು." ಸ್ವಲ್ಪ ತಡೆದು ಸೇರಿಸಿದ: "ಕೇಳದ ತುಂಬಿದಾಕೀದೂ ತಪ್ಪ."

ಮಾರ್ಚಿನಲ್ಲಿ ಚೇಚಿಯನ್ನು ಕರೆದುಕೊಂಡು ಬೆಳಗಿನ ರೈಲಿನಲ್ಲಿ ಕೊಚ್ಚಿಗೆ ಹೊರಟೆ. ಅವರು ಇಸ್ತ್ರಿ ಮಾಡಿದ ಮುಂಡು ಉಟ್ಟು, ಬಾಳೆಲೆಯಲ್ಲಿ ಕಪ್ಪ ಕಟ್ಟಿಕೊಂಡು ಬಂದಿದ್ದರು. ಅವರ ಕೈಯ ಹುರಿ ಹದಿನೈದು ವರ್ಷದಿಂದ ಕೊಚ್ಚಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತು; ಅವರು ಹೋಗುತ್ತಿದ್ದದ್ದು ಅದೇ ಮೊದಲು. ಎರ್ನಾಕುಲಂ ಜೆಟ್ಟಿಯಲ್ಲಿ ಹೆಂಗಸರ ಸಾಲಿನಲ್ಲಿ ಟಿಕೆಟ್ ತೆಗೆದುಕೊಂಡು ಮಟ್ಟಾಂಚೇರಿಯ ದೋಣಿ ಹತ್ತಿದೆವು. ದೋಣಿಯನ್ನು ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ಚೇಚಿ ಬೆರಳುಗಳ ನಡುವೆ ಉಜ್ಜಿ ನೋಡಿ ಬೆರಗಾದರು.

"ನೈಲಾನು! ನಮ್ಮ ಹುರಿಯನ್ನೆಲ್ಲ ಹೊರದೇಶಕ್ಕೆ ಕಳಿಸಿ, ಈ ಕೊಚ್ಚಿಯವರು ತಮ್ಮ ದೋಣಿ ಕಟ್ಟೋದು ನೈಲಾನಿನಲ್ಲಿ!"

ಹಗ್ಗ ಬಿಚ್ಚುತ್ತಿದ್ದ ದೋಣಿಯಾಳು, "ಕೊಡಿ ಅಮ್ಮಚ್ಚೀ, ಒಂದು ಗಜ ನೀವೇ ಹೊಸೆದು ಕೊಡಿ, ನಾಳೆಯಿಂದ ಅದರಲ್ಲೇ ಕಟ್ಟುತ್ತೇನೆ" ಎಂದ. "ಸಿಪ್ಪೆ ಮುಳುಗಿಸಿದ್ದೇನೆ ಮೋನೇ. ಇನ್ನು ನಾಲ್ಕು ತಿಂಗಳು ದೋಣಿಯನ್ನು ಕೈಯಲ್ಲಿ ಹಿಡಿದುಕೊಂಡಿರು" ಎಂದರು ಚೇಚಿ. ಅಕ್ಕಪಕ್ಕದವರೆಲ್ಲ ನಕ್ಕರು. ಆ ನೀರು, ಆ ಗಾಳಿ, ಮಸಾಲೆ ಗೋದಾಮುಗಳಿಂದ ತೇಲಿ ಬರುತ್ತಿದ್ದ ಮೆಣಸಿನ ಘಾಟು: ನನ್ನ ಇಡೀ ಯೌವನದಲ್ಲಿ ಆ ಇಪ್ಪತ್ತು ನಿಮಿಷಗಳಷ್ಟು ಹಗುರವಾದದ್ದು ಕಡಿಮೆ.

ಕಚೇರಿ ಹಳೆಯ ಗೋದಾಮೊಂದರ ಮಹಡಿಯಲ್ಲಿತ್ತು. ಕಾರ್ಯದರ್ಶಿ ಸಜ್ಜನರು, ಕುರ್ಚಿ ಹಾಕಿಸಿದರು, ನಿಂಬೆ ಶರಬತ್ತು ತರಿಸಿದರು. ಅದಕ್ಕೇ ಕೋಪ ಮಾಡುವುದು ಕಷ್ಟವಾಯಿತು, ಆದರೂ ಮಾಡಿದೆ.

"ವಾಚನಾಲಯದ ಅಂಗಳದಲ್ಲಿ ಎಲ್ಲರೆದುರು ಷರತ್ತಿಲ್ಲ ಎಂದವರು ನೀವು. ಆ ಮಾತಿಗೆ ಉತ್ತರ ಕೊಡುವವರು ಯಾರು?"

"ಷರತ್ತೇನೂ ಇಲ್ಲಮ್ಮ. ಆದರೆ ಒಂದು ಖಾತ್ರಿ ಬೇಕಲ್ಲ? ದಾನಿಗಳಿಗೆ ನಾವು ಏನು ತೋರಿಸೋಣ? ಇವರು ಒಂದು ರಾಟೆಯನ್ನೇ ಕೊಂಡಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ."

"ರಾಟೆ ಇದೆ ಸಾರ್," ಎಂದರು ಚೇಚಿ. "ಅದಕ್ಕೆ ಹಾಕೋದಕ್ಕೆ ನಾರಿಲ್ಲ." ಶರಬತ್ತಿನ ಲೋಟವನ್ನು ಅವರು ಮುಟ್ಟಿರಲಿಲ್ಲ. "ಒಂದು ಕೇಳಲಾ? ನೀವು ಕೊಟ್ಟ ದುಡ್ಡಿನಲ್ಲಿ ನಾನು ಕಳ್ಳು ಕುಡಿದಿದ್ದರೂ ನೀವು ಕೇಳೋ ಹಾಗಿರಲಿಲ್ಲ, ಅಲ್ಲವಾ?"

ಕಾರ್ಯದರ್ಶಿ ಕೆಮ್ಮಿದರು. "ಹಾಗೆ ನೋಡಿದರೆ... ಹೌದು."

"ಕುಡಿಯಲಿಲ್ಲ. ನನ್ನ ಕಸುಬಿನಲ್ಲಿ ಹಾಕಿದೆ. ಅದಕ್ಕೆ ಕೇಳ್ತಿದ್ದೀರಿ."

ಕಾರ್ಯದರ್ಶಿ ನನ್ನ ನಮೂನೆಯನ್ನು ಎತ್ತಿಕೊಂಡು 'ಕಾಲಾರೆ' ಎಂಬುದನ್ನು ನೋಡಿ ಸಣ್ಣಗೆ ನಕ್ಕು, ತಪ್ಪಾಗಿದೆ ಎಂದು ಒಪ್ಪಿಕೊಂಡರು. ಹಣ ಬಿಡುಗಡೆ ಮಾಡೋಣ. ಮುಂದಿನ ಸಭೆಯಲ್ಲಿ ಠರಾವು ಆಗಬೇಕು, ಅಷ್ಟೆ.

"ಸಭೆ ಯಾವಾಗ ಸಾರ್?" ಕೇಳಿದ್ದು ಚೇಚಿ.

"ಜೂನ್."

ನಾನು ಗೆದ್ದಿದ್ದೆ. ಮೆಟ್ಟಿಲಿಳಿಯುತ್ತಾ, ದೋಣಿಯಲ್ಲಿ, ರೈಲಿನಲ್ಲಿ, ಉತ್ತರದಾಯಿತ್ವದ ಬಗ್ಗೆ ನಾನು ಮಾತಾಡುತ್ತಲೇ ಇದ್ದೆ. ಚೇಚಿ ಕಿಟಕಿಯಾಚೆ ನೋಡುತ್ತಾ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದರು. ಅವರು ತಿಂಗಳು ಎಣಿಸುತ್ತಿದ್ದಾರೆಂದು ನನಗೆ ಹೊಳೆಯಲಿಲ್ಲ. ಜಪ ಮಾಡುತ್ತಿದ್ದಾರೆ ಅಂದುಕೊಂಡೆ.

ಏಪ್ರಿಲಿನಲ್ಲಿ ನನಗೆ ಪರೀಕ್ಷೆ. ಮೇ ತಿಂಗಳಲ್ಲಿ ಹೋದಾಗ ದೂರದಿಂದಲೇ ಕಂಡಿತು. ಏಳು ಗೂಟಗಳಲ್ಲಿ ನಾಲ್ಕರ ತಲೆಗೆ ಕೆಂಪು ಬಟ್ಟೆ ಕಟ್ಟಿತ್ತು. ಮುದಲಾಳಿಯ ಗುರುತು ಅದು.

"ಮಾರಿಬಿಟ್ಟಿರಾ?"

"ನಾಲ್ಕು. ಮೂರು ಉಳಿಸಿಕೊಂಡೆ."

"ಇನ್ನೊಂದು ತಿಂಗಳಲ್ಲಿ ದುಡ್ಡು ಬರ್ತಿತ್ತಲ್ಲ, ಚೇಚಿ!"

"ಬರ್ತದೆ. ಅಕ್ಕಿ ಏಪ್ರಿಲಿಗೆ ಬೇಕಿತ್ತು, ಮೋಳೇ. ನಾನೊಬ್ಬಳೇ ಆಗಿದ್ದರೆ ಗಂಜಿ ನೀರು ಕುಡಿದು ಇರುತ್ತಿದ್ದೆ. ಇವರಿಬ್ಬರು ನನ್ನನ್ನು ನಂಬಿ ಮುದಲಾಳಿಯ ಚಪ್ಪರಕ್ಕೆ ಹೋಗಲಿಲ್ಲ."

ನೀರಿನಲ್ಲಿದ್ದಂತೆಯೇ, ಅರ್ಧ ಬೆಲೆಗೆ ಕೊಟ್ಟಿದ್ದರು. ಎಂಟು ತಿಂಗಳು ಅವರು ಕಾದ ಸಿಪ್ಪೆಯ ಕೊನೆಯ ಎರಡು ತಿಂಗಳನ್ನು ಮಾತ್ರ ಮುದಲಾಳಿ ಕಾಯಬೇಕಿತ್ತು.

ಜೂನಿನಲ್ಲಿ ಹಣ ಬಂತು, ಪೂರ್ತಿಯಾಗಿ. ಅದೇ ವಾರದಲ್ಲಿ ಚೇಚಿ ಹೊಸ ಸಿಪ್ಪೆ ಕೊಂಡು ಮುಳುಗಿಸಿದರು. ಯಾರನ್ನೂ ಕೇಳಲಿಲ್ಲ, ಯಾರಿಗೂ ತೋರಿಸಲಿಲ್ಲ. ದತ್ತಿಸಂಸ್ಥೆ ಆ ವರ್ಷದ ಪುಸ್ತಿಕೆಯಲ್ಲಿ ಹತ್ತು ಮಂದಿಯ ಯಶಸ್ಸಿನ ಬಗ್ಗೆ ಬರೆಯಿತು. ಅದು ಸುಳ್ಳಲ್ಲ. ಆ ಹಣವಿಲ್ಲದಿದ್ದರೆ ಚೇಚಿಗೆ ಒಂದು ಬಲೆಯೂ ಇರುತ್ತಿರಲಿಲ್ಲ, ಮುದಲಾಳಿಯನ್ನು ಬಿಟ್ಟು ಬದುಕುವ ದಾರಿಯೂ ಇರುತ್ತಿರಲಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಒತ್ತಿ ಹೇಳುತ್ತೇನೆ: ಬಡವರ ಕೈಗೆ ಹಣ ಕೊಡಿ, ಅವರು ಅದನ್ನು ನಮಗಿಂತ ಬುದ್ಧಿವಂತಿಕೆಯಿಂದ ಬಳಸುತ್ತಾರೆ. ಆದರೆ ನಾನು ಕೊಚ್ಚಿಗೆ ಒಂದು ಪತ್ರ ಬರೆದೆ. ಪಡೆದವರು ಏನು ಮಾಡಿದರೆಂದು ತಿಂಗಳಿಗೊಮ್ಮೆ ಕೇಳುವ ನೀವು, ಕೊಟ್ಟ ಮಾತನ್ನು ನೀವೇನು ಮಾಡಿದಿರೆಂದು ಯಾವ ನಮೂನೆಯಲ್ಲಿ ಬರೆಯುತ್ತೀರಿ? ತಡೆದ ನಾಲ್ಕು ತಿಂಗಳಿಗೆ ಬೆಲೆ ನಾಲ್ಕು ಬಲೆ. ಅದನ್ನು ಭರಿಸಬೇಕಾದವರು ಯಾರು? ನನ್ನ ಹೆಸರನ್ನೂ ಆ ಪತ್ರದ ಆರೋಪಿಗಳ ಪಟ್ಟಿಯಲ್ಲಿ ಸೇರಿಸಿದ್ದೆ. ಉತ್ತರ ಬರಲಿಲ್ಲ.

ಜುಲೈಯಲ್ಲಿ ಮಳೆ ಬಿಡುವು ಕೊಟ್ಟ ಒಂದು ವಾರ ಮೂರು ಬಲೆಗಳನ್ನು ಎತ್ತಿದರು. ದಡದ ಮೇಲೆ ಕಪ್ಪು ಸಿಪ್ಪೆಗಳ ರಾಶಿ. ಹೊರಗಿನ ತೊಗಲು ಸುಲಿದು, ಮರದ ತುಂಡಿನ ಮೇಲೆ ಇಟ್ಟು, ಕೊಡತಿಯಿಂದ ಬಡಿದರೆ ಒಳಗಿಂದ ಬೆಳಕಿನಂಥ ನಾರು ಬಿಚ್ಚಿಕೊಳ್ಳುತ್ತಿತ್ತು. ನನಗೂ ಒಂದು ಕೊಡತಿ ಕೊಟ್ಟರು. ನನ್ನ ಮೂರನೆಯ ಏಟು ನನ್ನ ಬೆರಳಿನ ಮೇಲೇ ಬಿತ್ತು. "ಪೆನ್ನು ಹಿಡಿದ ಕೈ, ಪಾಪ. ಬರೆಯೋದು ಇದಕ್ಕಿಂತ ಸುಲಭ ಅಂತ ಈಗಲಾದರೂ ಬರೆದುಕೋ" ಎಂದಳು ರಾಟೆಯವಳು.

ಅದೇ ಹೊತ್ತಿಗೆ ನೀರಿನಾಚೆಯ ದಡದಲ್ಲಿ ಮುದಲಾಳಿಯ ಆಳುಗಳೂ ಬಡಿಯಲು ಶುರು ಮಾಡಿದರು. ಅವರು ಇಪ್ಪತ್ತು ಮಂದಿ, ನಾವು ನಾಲ್ವರು. ಅವರ ಸದ್ದು ನೀರಿನ ಮೇಲೆ ಜಾರಿಕೊಂಡು ಬಂದು ನಮ್ಮ ಸದ್ದನ್ನು ಮುಚ್ಚಿಬಿಟ್ಟಿತು. ನಾನು ಕೊಡತಿ ಕೆಳಗಿಟ್ಟೆ. ಆ ಕಡೆ ನೋಡಲಾಗದೆ ಚೇಚಿಯನ್ನು ನೋಡಿದೆ. ಅವರು ಬಡಿಯುವುದನ್ನು ನಿಲ್ಲಿಸಿ, ತಲೆ ಓರೆ ಮಾಡಿ, ಕಿವಿಗೊಟ್ಟು ಕೇಳುತ್ತಿದ್ದರು.

"ಅದು ನನ್ನ ತೊಂಡು," ಎಂದರು. "ಕೇಳು, ಎಷ್ಟು ಮೆತ್ತಗಿನ ಸದ್ದು. ಎಷ್ಟು ಚೆನ್ನಾಗಿ ಕೊಳೆತಿದೆ ನೋಡು."

ಇನ್ನೂ ಸ್ವಲ್ಪ ಹೊತ್ತು ಕೇಳಿ, ಒದ್ದೆ ಕೈಯನ್ನು ಮುಂಡಿಗೆ ಒರೆಸಿಕೊಂಡು, ತಮ್ಮ ರಾಶಿಯಿಂದ ಮುಂದಿನ ಸಿಪ್ಪೆಯನ್ನು ಎತ್ತಿಕೊಂಡರು.